ಹೊಸ ಸರ್ವರ್ ತಂದ ಮೇಲೆ ಫೈಲ್ ತೆರೆಯೋದು ನಿಧಾನ ಆಯ್ತು, ಯಾಕೆ?

ಪ್ರಶ್ನೆ: ನಮ್ಮದು ಗದಗ-ಬೆಟಗೇರಿಯಲ್ಲಿ ಆಫ್‌ಸೆಟ್ ಪ್ರೆಸ್. ಲಗ್ನಪತ್ರಿಕೆ, ಕ್ಯಾಲೆಂಡರ್, ಬಿಲ್ ಬುಕ್ ಕೆಲಸ ಜಾಸ್ತಿ. ಒಂಬತ್ತು ಕಂಪ್ಯೂಟರ್ ಇವೆ. ಮೊದಲು ಡಿಟಿಪಿ ರೂಮಿನ ಒಂದು ಹಳೇ ಕಂಪ್ಯೂಟರಿನಲ್ಲೇ ಫೋಲ್ಡರ್ ಶೇರ್ ಮಾಡಿ ಎಲ್ಲ ಫೈಲ್ ಇಡುತ್ತಿದ್ದೆವು. ಪ್ರೂಫ್ ತೆಗೆಯುವ ಪ್ರಿಂಟರ್ ಕೂಡ ಅದಕ್ಕೇ ಇತ್ತು. ಎರಡು ತಿಂಗಳ ಹಿಂದೆ ಹೊಸ ಸರ್ವರ್ ತಂದೆವು. 16 ಜಿಬಿ ರ‍್ಯಾಮ್, 4 ಟಿಬಿಯ ನಾಲ್ಕು ಹಾರ್ಡ್ ಡಿಸ್ಕ್, ರೇಡ್ 5 (ಒಂದು ಡಿಸ್ಕ್ ಕೆಟ್ಟರೂ ಫೈಲ್ ಉಳಿಯುವ ಹಾಗೆ ಎಲ್ಲ ಡಿಸ್ಕ್ ಒಂದಾಗಿಸುವ ವ್ಯವಸ್ಥೆ), ವಿಂಡೋಸ್ ಸರ್ವರ್. ಧೂಳು ಬೇಡ ಅಂತ ನನ್ನ ಕ್ಯಾಬಿನ್ನಿನಲ್ಲಿ, ಇಂಟರ್ನೆಟ್ ಬಾಕ್ಸಿನ ಪಕ್ಕದಲ್ಲೇ ಇಟ್ಟಿದ್ದೇವೆ. ಕೊಟ್ಟವರು ಅದರಲ್ಲೇ ಡೊಮೈನ್ (ಎಲ್ಲರ ಲಾಗಿನ್ ಒಂದೇ ಕಡೆ ನೋಡಿಕೊಳ್ಳುವ ವ್ಯವಸ್ಥೆ) ಮಾಡಿ ಎಲ್ಲರಿಗೂ ಲಾಗಿನ್ ಕೊಟ್ಟರು. ಪ್ರಿಂಟರನ್ನೂ ಸರ್ವರಿಗೇ ಜೋಡಿಸಿದರು. ಅಂದಿನಿಂದ ಕಷ್ಟ ಶುರು. ಕ್ಯಾಲೆಂಡರಿನ ಫೈಲುಗಳು, ಸುಮಾರು 2 ಜಿಬಿ, ಕಾಪಿ ಆಗಲು ಮೂರು ನಿಮಿಷ ಬೇಕು. ಇಬ್ಬರು ಒಟ್ಟಿಗೆ ಮಾಡಿದರೆ ಆರು ನಿಮಿಷ. ಹಳೇದರಲ್ಲಿ ಅರ್ಧ ನಿಮಿಷದೊಳಗೆ ಆಗುತ್ತಿತ್ತು. ಬೆಳಿಗ್ಗೆ ಕೋರೆಲ್ ಡ್ರಾ ತೆರೆದರೆ ಅರ್ಧ ನಿಮಿಷ ಹಾಗೇ ನಿಂತುಬಿಡುತ್ತದೆ. 150 ಎಂಬಿ ಫೈಲ್ ಸೇವ್ ಮಾಡಲು ಒಂದು ನಿಮಿಷಕ್ಕೂ ಮೇಲೆ ಬೇಕು. ಸರ್ವರ್ ಕೊಟ್ಟವರನ್ನು ಕೇಳಿದರೆ ಹಾರ್ಡ್ ಡಿಸ್ಕ್ ತೆಗೆದು ಎಲ್ಲ ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್) ಹಾಕಿಸಿ ಅನ್ನುತ್ತಾರೆ. ಹಾಕಿಸಲಾ?

ಉತ್ತರ: ಸದ್ಯಕ್ಕೆ ಹಾಕಿಸಬೇಡಿ. ನಿಮ್ಮ ಪತ್ರದಲ್ಲಿ ಇರುವುದು ಒಂದು ದೂರಲ್ಲ, ಮೂರು. ಮೂರಕ್ಕೂ ಕಾರಣ ಬೇರೆ ಬೇರೆ ಇರುವ ಹಾಗೆ ಕಾಣುತ್ತದೆ. ಎಲ್ಲವನ್ನೂ ಸೇರಿಸಿ ‘ಸರ್ವರ್ ಸ್ಲೋ’ ಅಂದುಬಿಟ್ಟರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗುತ್ತದೆ. ನಾಲ್ಕು ಎಸ್‌ಎಸ್‌ಡಿಗೆ ದುಡ್ಡು ಸುರಿದರೂ ನಿಮ್ಮ ಮೊದಲ ದೂರು, ಅಂದರೆ ಆ ಮೂರು ನಿಮಿಷ, ಒಂದು ಸೆಕೆಂಡೂ ಕಡಿಮೆ ಆಗುವುದಿಲ್ಲ. ಅದನ್ನು ನೀವು ಬರೆದ ಲೆಕ್ಕವೇ ಹೇಳುತ್ತಿದೆ.

2 ಜಿಬಿ ಅಂದರೆ 2048 ಎಂಬಿ. ಮೂರು ನಿಮಿಷ ಅಂದರೆ 180 ಸೆಕೆಂಡ್. ಭಾಗಿಸಿ ನೋಡಿ, ಸೆಕೆಂಡಿಗೆ ಹನ್ನೊಂದು ಎಂಬಿ ಚಿಲ್ಲರೆ ಬರುತ್ತದೆ. ನೆಟ್‌ವರ್ಕ್ ಕೆಲಸ ಮಾಡುವ ಯಾರೇ ಆದರೂ ಈ ಅಂಕಿ ಕೇಳಿದ ಕೂಡಲೇ ಕಿವಿ ನೆಟ್ಟಗೆ ಮಾಡುತ್ತಾರೆ. ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಮೆಗಾಬಿಟ್, ಎಂಬಿ ಅಂದರೆ ಮೆಗಾಬೈಟ್; ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ 100 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ 12.5 ಎಂಬಿ ಹೋಗಬೇಕು, ಮೇಲುಖರ್ಚು ಕಳೆದು ಕೈಗೆ ಸಿಗುವುದು 11ರಿಂದ 11.8. ಅದೇ ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ಲೈನ್ ಆದರೆ 110ರ ಆಸುಪಾಸು ಸಿಗುತ್ತದೆ. ಆಗ ನಿಮ್ಮ 2 ಜಿಬಿ ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯಬೇಕು. ಇನ್ನು ಹಾರ್ಡ್ ಡಿಸ್ಕ್ ವಿಷಯಕ್ಕೆ ಬಂದರೆ, 7200 ಆರ್‌ಪಿಎಂನ ಒಂದೇ ಡಿಸ್ಕ್ ಕೂಡ ದೊಡ್ಡ ಫೈಲನ್ನು ಸೆಕೆಂಡಿಗೆ 150 ಎಂಬಿ ಆರಾಮಾಗಿ ಓದುತ್ತದೆ. ನಿಮ್ಮಲ್ಲಿ ನಾಲ್ಕು ಇವೆ. ಅಂದರೆ ಓದುವಾಗ ತಡ ಆಗುತ್ತಿರುವುದು ಡಿಸ್ಕಿನಲ್ಲಿ ಅಲ್ಲ. ದಾರಿಯಲ್ಲಿ ಎಲ್ಲೋ ಒಂದು ಕಡೆ ಗಿಗಾಬಿಟ್ ಹೋಗಿ 100ಕ್ಕೆ ಇಳಿದಿದೆ.

ಎಲ್ಲಿ ಇಳಿದಿದೆ ಅನ್ನುವುದಕ್ಕೂ ನೀವೇ ಸುಳಿವು ಕೊಟ್ಟಿದ್ದೀರಿ: ಇಬ್ಬರು ಒಟ್ಟಿಗೆ ಕಾಪಿ ಮಾಡಿದರೆ ಆರು ನಿಮಿಷ. ಒಬ್ಬೊಬ್ಬ ಆಪರೇಟರಿನ ಕೇಬಲ್ ಕೆಟ್ಟಿದ್ದರೆ, ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಮೂರು ಮೂರು ನಿಮಿಷಕ್ಕೇ ಮುಗಿಸುತ್ತಿದ್ದರು. ಆರು ಆಗುತ್ತಿದೆ ಅಂದರೆ ಇಬ್ಬರೂ ಒಂದೇ ಸಣ್ಣ ಸೇತುವೆಯ ಮೇಲೆ ಹಾಯುತ್ತಿದ್ದಾರೆ, ಅರ್ಧರ್ಧ ಹಂಚಿಕೊಳ್ಳುತ್ತಿದ್ದಾರೆ. ಆ ಸೇತುವೆ ಎಲ್ಲರಿಗೂ ಸೇರಿದ ಜಾಗದಲ್ಲೇ ಇರಬೇಕು. ಡಿಟಿಪಿ ರೂಮಿನ ಸ್ವಿಚ್ಚಿನಿಂದ (ಎಲ್ಲ ಕಂಪ್ಯೂಟರುಗಳ ನೆಟ್‌ವರ್ಕ್ ಕೇಬಲ್ ಬಂದು ಸೇರುವ ಪೆಟ್ಟಿಗೆ) ಸರ್ವರ್ ತನಕ ಇರುವ ದಾರಿ ಅದು.

ಈಗ ಕ್ಯಾಬಿನ್ನಿಗೆ ಹೋಗಿ ನೋಡಿ. ಸರ್ವರಿನ ಹಿಂದಿನ ಕೇಬಲ್ ಎಲ್ಲಿಗೆ ಹೋಗಿದೆ? ಇಂಟರ್ನೆಟ್ ಬಾಕ್ಸಿನ ಪಕ್ಕದಲ್ಲೇ ಇಟ್ಟಿದ್ದೇವೆ ಅಂತ ಬರೆದಿದ್ದೀರಿ. ಆ ಬಾಕ್ಸಿನ ಹಿಂದೆ ಖಾಲಿ ಪೋರ್ಟ್ ಕಂಡಿತು, ಕೇಬಲ್ ಅದಕ್ಕೇ ಸಿಕ್ಕಿಸಿದರು ಅಂತ ನನಗೆ ಬಲವಾದ ಅನುಮಾನ. ಇಂಟರ್ನೆಟ್ ಕಂಪನಿಗಳು ಕೊಡುವ ಬಾಕ್ಸುಗಳಲ್ಲಿ ಎಷ್ಟೋ ಮಾಡೆಲ್‌ಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ದು ಇರುತ್ತದೆ. ಕೆಲವದರಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್, ಉಳಿದವು 100. ಪೋರ್ಟಿನ ಪಕ್ಕ ಸಣ್ಣ ಅಕ್ಷರದಲ್ಲಿ ಎಫ್‌ಇ ಅಂತ ಇದ್ದರೆ 100, ಜಿಇ ಅಂತ ಇದ್ದರೆ ಗಿಗಾಬಿಟ್. ಇಂಟರ್ನೆಟ್ 40 ಎಂಬಿಪಿಎಸ್ ಬರುವ ಕಡೆ 100ರ ಪೋರ್ಟ್ ಸಾಕು. ಫೈಲ್ ಸರ್ವರಿಗೆ ಅದು ಸಾಲದು. ಹಳೇ ಕಂಪ್ಯೂಟರ್ ಡಿಟಿಪಿ ರೂಮಿನ ಸ್ವಿಚ್ಚಿನಲ್ಲೇ ಇತ್ತಲ್ವಾ? ಹಾಗಾಗಿಯೇ ಅದು ಬೇಗ ಕೊಡುತ್ತಿತ್ತು.

ಖಾತ್ರಿ ಮಾಡಿಕೊಳ್ಳಲು ಎರಡು ನಿಮಿಷ ಸಾಕು. ಸರ್ವರಿನಲ್ಲಿ ನೆಟ್‌ವರ್ಕ್ ಕನೆಕ್ಷನ್ಸ್ ತೆರೆಯಿರಿ. ಈಥರ್ನೆಟ್ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟೇಟಸ್ ನೋಡಿ. ಸ್ಪೀಡ್ ಅನ್ನುವ ಕಡೆ 1.0 ಜಿಬಿಪಿಎಸ್ ಇರಬೇಕು. 100 ಎಂಬಿಪಿಎಸ್ ಇದ್ದರೆ ಕಳ್ಳ ಸಿಕ್ಕ. ಒಂದು ಎಚ್ಚರ ಇರಲಿ: ಅಲ್ಲಿ 1.0 ಅಂತ ಇದ್ದರೂ ಬಾಕ್ಸಿನಿಂದ ಸ್ವಿಚ್ಚಿಗೆ ಹೋಗುವ ಕೇಬಲ್ ಎಫ್‌ಇ ಪೋರ್ಟಿನಲ್ಲಿ ಇರಬಹುದು. ಸರ್ವರಿಗೆ ತನ್ನ ಮುಂದಿನ ಒಂದು ಹೆಜ್ಜೆ ಮಾತ್ರ ಗೊತ್ತು, ಅದರಾಚೆ ಗೊತ್ತಿಲ್ಲ.

ಪರಿಹಾರ ದೊಡ್ಡದಲ್ಲ. ಐದು ಪೋರ್ಟಿನ ಒಂದು ಗಿಗಾಬಿಟ್ ಸ್ವಿಚ್ ತನ್ನಿ, ಒಂದೆರಡು ಸಾವಿರದೊಳಗೇ ಸಿಗುತ್ತದೆ. ಕ್ಯಾಬಿನ್ನಿನಲ್ಲಿ ಇಡಿ. ಡಿಟಿಪಿ ರೂಮಿನಿಂದ ಬಂದ ಕೇಬಲ್ ಅದಕ್ಕೆ, ಸರ್ವರ್ ಅದಕ್ಕೆ, ಇಂಟರ್ನೆಟ್ ಬಾಕ್ಸ್ ಕೂಡ ಅದಕ್ಕೆ. ಇಂಟರ್ನೆಟ್ ಬಾಕ್ಸ್ ಇನ್ನು ಮೇಲೆ ದಾರಿ ಮಧ್ಯೆ ಇರುವುದಿಲ್ಲ, ಪಕ್ಕಕ್ಕೆ ಇರುತ್ತದೆ. ಡಿಟಿಪಿ ರೂಮಿನ ಸ್ವಿಚ್ ಗಿಗಾಬಿಟ್‌ದೇ ಇರಬೇಕು, ಇಲ್ಲದಿದ್ದರೆ ಹಳೇದರಲ್ಲಿ ಅರ್ಧ ನಿಮಿಷದೊಳಗೆ 2 ಜಿಬಿ ಬರುತ್ತಿರಲಿಲ್ಲ.

ಇಷ್ಟು ಮಾಡಿದ ಮೇಲೂ 100 ಅಂತಲೇ ತೋರಿಸಿದರೆ ಕೇಬಲ್ ಹಿಡಿಯಿರಿ. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹುಬ್ಬಳ್ಳಿಯ ಗೋಕುಲ್ ರೋಡಿನ ಒಂದು ಆಫೀಸಿನಲ್ಲಿ ನಾನು ಇದರ ಹಿಂದೆ ಎರಡು ದಿನ ತಿರುಗಿದ್ದೇನೆ. ಅಲ್ಲೂ ಹೀಗೇ, ಹೊಸ ಸರ್ವರ್, ಸೆಕೆಂಡಿಗೆ 11 ಎಂಬಿ. ಸ್ವಿಚ್ ಗಿಗಾಬಿಟ್. ಸರ್ವರ್ ಗಿಗಾಬಿಟ್. ಕೇಬಲ್ ಮೇಲೆ ಕ್ಯಾಟ್ 6 (ಗಿಗಾಬಿಟ್‌ಗೆ ಸಾಕಾಗುವ ದರ್ಜೆ) ಅಂತ ಅಚ್ಚು ಇದೆ. ಕೊನೆಗೆ ಗೋಡೆಯ ಬಾಕ್ಸ್ ಬಿಚ್ಚಿ ಟಾರ್ಚ್ ಹಿಡಿದು ನೋಡಿದೆ. ಕೇಬಲ್ಲಿನ ಒಳಗೆ ಎಂಟು ತಂತಿ ಇರುತ್ತವೆ, ಎರಡೆರಡು ಹೆಣೆದು ನಾಲ್ಕು ಜೋಡಿ: ಕಿತ್ತಳೆ, ಹಸಿರು, ನೀಲಿ, ಕಂದು. ಅಲ್ಲಿ ಕಿತ್ತಳೆ, ಹಸಿರು ಜೋಡಿ ಒಂದು ಪ್ಲಗ್ಗಿಗೆ ಹೋಗಿದ್ದವು. ನೀಲಿ, ಕಂದು ಜೋಡಿಗಳನ್ನು ಮಧ್ಯದಲ್ಲೇ ಸುಲಿದು ಇನ್ನೊಂದು ಪ್ಲಗ್ಗಿಗೆ ಕೊಟ್ಟು ಪಕ್ಕದ ಟೇಬಲ್ಲಿನ ಕಂಪ್ಯೂಟರಿಗೆ ಸಿಕ್ಕಿಸಿದ್ದರು. ಒಂದು ಕೇಬಲ್ ಉಳಿಸಲು ಮಾಡಿದ ಕೆಲಸ. 100 ಎಂಬಿಪಿಎಸ್‌ಗೆ ಎರಡೇ ಜೋಡಿ ಸಾಕು, ಹಾಗಾಗಿ ವರ್ಷಗಟ್ಟಲೆ ಯಾರಿಗೂ ಗೊತ್ತಾಗಿರಲಿಲ್ಲ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ನೀಲಿ, ಕಂದು ಜೋಡಿಯಲ್ಲಿ ಒಂದು ತಂತಿ ಕೂಡದಿದ್ದರೂ ಸಾಮಾನ್ಯವಾಗಿ ಎರಡೂ ಬದಿ ಸುಮ್ನೆ 100ಕ್ಕೆ ಇಳಿದುಬಿಡುತ್ತವೆ. ಎರರ್ ಬರುವುದಿಲ್ಲ, ಲೈಟ್ ಉರಿಯುತ್ತಲೇ ಇರುತ್ತದೆ, ಇಂಟರ್ನೆಟ್ ಬರುತ್ತಲೇ ಇರುತ್ತದೆ.

ಪ್ಲಗ್ಗನ್ನು ಬೆಳಕಿಗೆ ಹಿಡಿದು ತುದಿಯಿಂದ ನೋಡಿ. ಎಂಟೂ ತಂತಿಯ ತಾಮ್ರ ತುದಿಗೆ ಮುಟ್ಟಿರುವುದು ಕಾಣಬೇಕು. ಕಂದು ತಂತಿ ಅಂಚಿನಲ್ಲಿ ಇರುವುದರಿಂದ ಹಿಂದೆ ಉಳಿಯುವುದುಂಟು. ಇನ್ನೊಂದು, ತಂತಿಯ ತುದಿಯನ್ನು ಬ್ಲೇಡಿನಿಂದ ಸ್ವಲ್ಪ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಅಂಥ ಅಗ್ಗದ ಕೇಬಲ್ ಸರ್ವರ್ ಲೈನಿಗೆ ಬೇಡ. ನಿಮ್ಮ ಪ್ರೆಸ್ಸಿನಲ್ಲಿ ಕೇಬಲ್ ಮಶೀನ್ ರೂಮಿನ ಮೂಲಕ ಹಾಯ್ದಿದ್ದರೆ ತ್ರೀ ಫೇಸ್ ವೈರಿನ ಜೊತೆ ಒಂದೇ ಪಟ್ಟಿಯಲ್ಲಿ ಹೋಗಿದೆಯೇ ನೋಡಿ. ಹೋಗಿದ್ದರೆ ಬೇರೆ ದಾರಿಯಲ್ಲಿ ಎಳೆಸಿ. ಇಲಿ ಕಡಿದಿದೆಯಾ ಅದನ್ನೂ ನೋಡಿ. ಕಾಗದದ ಗೋದಾಮು ಇರುವ ಕಡೆ ಇಲಿ ಇಲ್ಲದೇ ಇರುವುದಿಲ್ಲ. ಸರ್ವರನ್ನು ಮಶೀನಿನಿಂದ ದೂರ ಇಟ್ಟಿದ್ದು ಒಳ್ಳೇ ಕೆಲಸ ಮಾಡಿದ್ದೀರಿ. ಹಾಳೆ ಅಂಟಿಕೊಳ್ಳದಿರಲಿ ಅಂತ ಸಿಂಪಡಿಸುವ ಪೌಡರ್ ಫ್ಯಾನಿನೊಳಗೆ ಹೋಗಿ ಕುಳಿತರೆ ತೆಗೆಯುವುದು ಕಷ್ಟ.

ಈಗ ಬೆಳಿಗ್ಗೆ ಕೋರೆಲ್ ಅರ್ಧ ನಿಮಿಷ ನಿಲ್ಲುವ ವಿಷಯ. ಇದಕ್ಕೂ ಕೇಬಲ್ಲಿಗೂ ಸಂಬಂಧ ಇಲ್ಲ. ಲೈನ್ ನಿಧಾನ ಇದ್ದರೆ ಕೆಲಸ ಎಳೆಯುತ್ತದೆ, ಆದರೆ ನಡೆಯುತ್ತಿರುತ್ತದೆ. ಪೂರ್ತಿ ನಿಂತು ಆಮೇಲೆ ಏನೂ ಆಗದ ಹಾಗೆ ಓಡಿದರೆ, ಕಂಪ್ಯೂಟರ್ ಯಾರದೋ ಉತ್ತರಕ್ಕೆ ಕಾಯುತ್ತಿದೆ ಅಂತ ಅರ್ಥ. ನನಗೆ ಅನುಮಾನ ಇರುವುದು ನಿಮ್ಮ ಹಳೇ ಕಂಪ್ಯೂಟರಿನ ಮೇಲೆ. ಪ್ರೂಫ್ ಪ್ರಿಂಟರ್ ಅದಕ್ಕೆ ಇತ್ತು ಅಂದಿರಿ. ಪ್ರಿಂಟರನ್ನು ಸರ್ವರಿಗೆ ಜೋಡಿಸಿದರು, ಸರಿ. ಆದರೆ ಒಂಬತ್ತೂ ಕಂಪ್ಯೂಟರುಗಳಲ್ಲಿ ಡಿಫಾಲ್ಟ್ ಪ್ರಿಂಟರ್ ಹಳೇ ಹೆಸರಿನಲ್ಲೇ ಉಳಿದಿದ್ದರೆ? ಕೋರೆಲ್, ವರ್ಡ್‌ನಂಥ ಪ್ರೋಗ್ರಾಮುಗಳು ತೆರೆಯುವಾಗ ಡಿಫಾಲ್ಟ್ ಪ್ರಿಂಟರನ್ನು ವಿಚಾರಿಸುತ್ತವೆ, ಕಾಗದದ ಅಳತೆ, ಮಾರ್ಜಿನ್ ತಿಳಿದುಕೊಳ್ಳಲು. ಆ ಹೆಸರಿನ ಯಂತ್ರವನ್ನು ನೀವು ಈಗ ಆಫ್ ಮಾಡಿ ಇಟ್ಟಿರಬೇಕು. ಕರೆದು ಕರೆದು ಸಾಕಾಗಿ ಬಿಡುವ ತನಕ ಪರದೆ ಹಾಗೇ ನಿಂತಿರುತ್ತದೆ.

ಪರೀಕ್ಷೆ ಸುಲಭ ಇದೆ. ನಾಳೆ ಬೆಳಿಗ್ಗೆ ಕೆಲಸ ಶುರು ಆಗುವ ಮುಂಚೆ ಹಳೇ ಕಂಪ್ಯೂಟರ್ ತೆಗೆದು, ಕೇಬಲ್ ಸಿಕ್ಕಿಸಿ, ಆನ್ ಮಾಡಿ ಇಡಿ. ಫೈಲ್ ಯಾವುದೂ ಅದರಿಂದ ತೆರೆಯಬೇಡಿ, ಸುಮ್ನೆ ಆನ್ ಇರಲಿ. ಆಮೇಲೆ ಆಪರೇಟರಿನ ಕಂಪ್ಯೂಟರಿನಲ್ಲಿ ಕೋರೆಲ್ ತೆರೆಯಿರಿ. ಥಟ್ಟನೆ ತೆರೆದರೆ ಎಲ್ಲೋ ಒಂದು ಕಡೆ ಹಳೇ ಹೆಸರು ಇನ್ನೂ ಉಳಿದಿದೆ. ಆಗ ಒಂದೊಂದೇ ಕಂಪ್ಯೂಟರಿನಲ್ಲಿ ಕೂತು ಹುಡುಕಿ ತೆಗೆಯಬೇಕು: ಪ್ರಿಂಟರ್, ಕೆಂಪು ಗುರುತು ಬಿದ್ದ ಹಳೇ ಮ್ಯಾಪ್ ಡ್ರೈವ್ (ಶೇರ್ ಫೋಲ್ಡರಿಗೆ ಕೊಟ್ಟ ಡ್ರೈವ್ ಅಕ್ಷರ), ಡೆಸ್ಕ್‌ಟಾಪ್ ಮೇಲಿನ ಹಳೇ ಶಾರ್ಟ್‌ಕಟ್, ಎಕ್ಸ್‌ಪ್ಲೋರರಿನ ಎಡಬದಿಯ ಕ್ವಿಕ್ ಆಕ್ಸೆಸ್. ಕ್ವಿಕ್ ಆಕ್ಸೆಸ್ ಮರೆಯುವವರೇ ಜಾಸ್ತಿ. ಒಂದು ಕಂಪ್ಯೂಟರಿಗೆ ಹತ್ತು ನಿಮಿಷ ಹಿಡಿಯಬಹುದು. ಪುಕ್ಕಟೆ ಕೆಲಸ, ಆದರೆ ಆಪರೇಟರುಗಳಿಗೆ ಇದರಿಂದ ಸಿಗುವ ಸಮಾಧಾನ ಸ್ವಿಚ್ಚಿನಿಂದ ಸಿಗುವುದಕ್ಕಿಂತ ದೊಡ್ಡದು. ದಿನಾ ಬೆಳಿಗ್ಗೆ ಪರದೆ ನಿಂತರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ.

ಹಳೇ ಕಂಪ್ಯೂಟರ್ ಆನ್ ಮಾಡಿದರೂ ವ್ಯತ್ಯಾಸ ಕಾಣದಿದ್ದರೆ ಡಿಎನ್‌ಎಸ್ (ಹೆಸರು ಕೊಟ್ಟರೆ ಅದರ ಐಪಿ ನಂಬರ್ ಹೇಳುವ ವ್ಯವಸ್ಥೆ) ನೋಡಿ. ಡೊಮೈನ್ ಮಾಡಿದ ಮೇಲೆ ಎಲ್ಲ ಕಂಪ್ಯೂಟರುಗಳೂ ಹೆಸರು ಕೇಳಬೇಕಾದದ್ದು ಸರ್ವರನ್ನು. ಇಂಟರ್ನೆಟ್ ಬಾಕ್ಸನ್ನೋ ಹೊರಗಿನ 8.8.8.8 (ಗೂಗಲ್‌ನ ಡಿಎನ್‌ಎಸ್) ಅನ್ನೋ ಕೇಳಿದರೆ ಅವಕ್ಕೆ ನಿಮ್ಮ ಕ್ಯಾಬಿನ್ನಿನ ಸರ್ವರ್ ಹೆಸರು ಗೊತ್ತಿರುವುದಿಲ್ಲ. ಮೊದಲನೇದು ಸರ್ವರ್, ಎರಡನೇದು 8.8.8.8 ಅಂತ ಕೊಡುವುದೂ ತಪ್ಪೇ. ಎರಡನೇ ಜಾಗ ಖಾಲಿ ಬಿಡಿ. ಹೊರಗಿನ ಹೆಸರುಗಳನ್ನು ಸರ್ವರೇ ಮುಂದೆ ಕೇಳಿ ತಂದುಕೊಡುವ ಹಾಗೆ ಫಾರ್ವರ್ಡರ್ ಹಾಕಿಸಿ. ಪರೀಕ್ಷೆಗೆ, ಶೇರ್ ಫೋಲ್ಡರನ್ನು ಒಮ್ಮೆ ಸರ್ವರಿನ ಹೆಸರಿನಿಂದ ತೆರೆಯಿರಿ, ಒಮ್ಮೆ ಐಪಿ ನಂಬರಿನಿಂದ ತೆರೆಯಿರಿ. ನಂಬರಿನಿಂದ ಬೇಗ, ಹೆಸರಿನಿಂದ ತಡ ಆದರೆ ತೊಂದರೆ ಇಲ್ಲೇ ಇದೆ.

ಮೂರನೇದು ಸೇವ್ ಮಾಡುವ ತೊಂದರೆ. 150 ಎಂಬಿ ಫೈಲ್ 100ರ ಲೈನಿನಲ್ಲಿ ಹೋದರೂ ಹದಿನಾಲ್ಕು ಸೆಕೆಂಡ್ ಸಾಕು. ನಿಮಗೆ ಒಂದು ನಿಮಿಷಕ್ಕೂ ಮೇಲೆ ಹಿಡಿಯುತ್ತಿದೆ. ಇಲ್ಲಿ ಮಾತ್ರ ನಿಮಗೆ ಸರ್ವರ್ ಕೊಟ್ಟವರ ಮಾತಿನಲ್ಲಿ ಸ್ವಲ್ಪ ಹುರುಳಿದೆ. ರೇಡ್ 5ರಲ್ಲಿ ಓದುವುದು ಹಗುರ, ಬರೆಯುವುದು ಭಾರ. ಒಂದು ಸಣ್ಣ ತುಣುಕು ಬರೆಯಬೇಕಾದರೆ ಹಳೇ ಡೇಟಾ ಓದಬೇಕು, ಹಳೇ ಪ್ಯಾರಿಟಿ (ಒಂದು ಡಿಸ್ಕ್ ಕೆಟ್ಟರೆ ಡೇಟಾ ಮರಳಿ ಲೆಕ್ಕ ಹಾಕಲು ಇಡುವ ಅಂಕಿ) ಓದಬೇಕು, ಹೊಸ ಡೇಟಾ ಬರೆಯಬೇಕು, ಹೊಸ ಪ್ಯಾರಿಟಿ ಬರೆಯಬೇಕು. ಒಂದು ಕೆಲಸಕ್ಕೆ ನಾಲ್ಕು ಓಡಾಟ. ಈ ಭಾರ ಕಾಣದಂತೆ ಮಾಡುವುದು ರೈಟ್ ಕ್ಯಾಶ್. ಬರೆಯಬೇಕಾದ್ದನ್ನು ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು ‘ಆಯ್ತು’ ಅಂತ ಹೇಳಿ, ಆಮೇಲೆ ಡಿಸ್ಕಿಗೆ ಇಳಿಸುತ್ತದೆ.

ನಿಮ್ಮಲ್ಲಿ ಆ ಕ್ಯಾಶ್ ಆಫ್ ಆಗಿರಲು ಎರಡು ಕಾರಣ ಇರಬಹುದು. ಒಂದು, ರೇಡ್ ಕಾರ್ಡಿಗೆ ಬ್ಯಾಟರಿ ಇಲ್ಲ ಅಥವಾ ಇದ್ದದ್ದು ಕೆಟ್ಟಿದೆ. ಆಗ ಕಾರ್ಡ್ ತಾನಾಗಿಯೇ ಕ್ಯಾಶ್ ನಿಲ್ಲಿಸುತ್ತದೆ. ಎರಡು, ಸರ್ವರಿನಲ್ಲೇ ಡೊಮೈನ್ ಮಾಡಿದ್ದಾರೆ ಅಂದಿರಿ. ಈ ವಿಷಯ ಬಹಳ ಜನರಿಗೆ ಗೊತ್ತಿಲ್ಲ, ಅದಕ್ಕೇ ಒತ್ತಿ ಹೇಳುತ್ತೇನೆ. ವಿಂಡೋಸ್ ಸರ್ವರನ್ನು ಡೊಮೈನ್ ಕಂಟ್ರೋಲರ್ ಮಾಡಿದರೆ, ಲಾಗಿನ್‌ಗಳ ಡೇಟಾಬೇಸ್ ಇರುವ ಡಿಸ್ಕಿನ ರೈಟ್ ಕ್ಯಾಶನ್ನು ವಿಂಡೋಸ್ ಆಫ್ ಮಾಡುತ್ತದೆ. ಕರೆಂಟ್ ಹೋದರೂ ಡೇಟಾಬೇಸ್ ಕೆಡಬಾರದು ಅನ್ನುವುದು ಉದ್ದೇಶ. ನಾಲ್ಕೂ ಡಿಸ್ಕ್ ಸೇರಿಸಿ ಒಂದೇ ರೇಡ್ ಮಾಡಿ, ಅದನ್ನೇ ಸಿ ಮತ್ತು ಡಿ ಅಂತ ಭಾಗ ಮಾಡಿದ್ದರೆ, ನಿಮ್ಮ ಲಗ್ನಪತ್ರಿಕೆಯ ಫೈಲ್ ಕೂಡ ಆ ಕಟ್ಟುಪಾಡಿಗೆ ಸಿಕ್ಕಿಕೊಳ್ಳುತ್ತದೆ.

ಖಾತ್ರಿ ಮಾಡಿಕೊಳ್ಳಲು ಸರ್ವರಿನ ಎದುರೇ ಕೂತು, ಡಿ ಡ್ರೈವಿನ ಒಂದು ದೊಡ್ಡ ಫೈಲನ್ನು ಅದೇ ಡಿ ಡ್ರೈವಿನಲ್ಲಿ ಇನ್ನೊಂದು ಫೋಲ್ಡರಿಗೆ ಕಾಪಿ ಮಾಡಿ. ಇಲ್ಲಿ ನೆಟ್‌ವರ್ಕ್ ಬರುವುದೇ ಇಲ್ಲ. ರಿಸೋರ್ಸ್ ಮಾನಿಟರ್ ತೆರೆದು ಡಿಸ್ಕ್ ಟ್ಯಾಬಿನಲ್ಲಿ ರೆಸ್ಪಾನ್ಸ್ ಟೈಮ್ ನೋಡುತ್ತಿರಿ. ಹತ್ತು, ಇಪ್ಪತ್ತು ಮಿಲಿಸೆಕೆಂಡ್ ಇದ್ದರೆ ಡಿಸ್ಕ್ ಆರಾಮಾಗಿದೆ. ನೂರು ದಾಟಿ ಅಲ್ಲೇ ನಿಂತರೆ ಡಿಸ್ಕ್ ಏದುಸಿರು ಬಿಡುತ್ತಿದೆ. ಹಾಗಾದರೆ ವಿಂಡೋಸ್ ಮತ್ತು ಡೊಮೈನಿಗೆ ಎರಡು ಸಣ್ಣ ಎಸ್‌ಎಸ್‌ಡಿಯ ಒಂದು ಜೋಡಿ ಬೇರೆ ಹಾಕಿಸಿ, ನಾಲ್ಕು ಹಾರ್ಡ್ ಡಿಸ್ಕುಗಳನ್ನು ಫೈಲುಗಳಿಗೆ ಮಾತ್ರ ಬಿಡಿ. ಬ್ಯಾಟರಿ ಇರುವ ರೇಡ್ ಕಾರ್ಡ್ ಹಾಕಿಸಿದರೆ ಇನ್ನೂ ಒಳ್ಳೆಯದು. ನಾಲ್ಕು ದೊಡ್ಡ ಎಸ್‌ಎಸ್‌ಡಿ ಕೊಳ್ಳುವ ಖರ್ಚಿಗೆ ಹೋಲಿಸಿದರೆ ಇದು ಕಡಿಮೆ. ಇದನ್ನು ಮಾಡುವ ಮುಂಚೆ ಎಲ್ಲ ಫೈಲುಗಳ ಒಂದು ಪೂರ್ತಿ ಪ್ರತಿ ಹೊರಗಿನ ಡಿಸ್ಕಿನಲ್ಲಿ ಇರಲೇಬೇಕು. ರೇಡ್ ಅಂದರೆ ಬ್ಯಾಕಪ್ ಅಲ್ಲ.

ಕ್ಯಾಶನ್ನು ಜಬರ್ದಸ್ತಿಯಿಂದ ಆನ್ ಮಾಡುವ ಒಂದು ಟಿಕ್ ಗುರುತು ಡಿವೈಸ್ ಮ್ಯಾನೇಜರಿನಲ್ಲಿ ಇದೆ. ಯಾರಾದರೂ ‘ಇದನ್ನು ಒತ್ತಿ, ಸ್ಪೀಡ್ ಬರುತ್ತದೆ’ ಅನ್ನಬಹುದು. ಬ್ಯಾಟರಿ ಇಲ್ಲದ ಕಡೆ ಇದನ್ನು ಮಾಡಬೇಡಿ. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಎಷ್ಟು ಸಲ ಹೋಗುತ್ತದೆ ನಿಮಗೇ ಗೊತ್ತು. ಯುಪಿಎಸ್ ಇದ್ದರೂ ಅದರ ಬ್ಯಾಟರಿ ಮುಗಿದದ್ದು ಗೊತ್ತಾಗುವುದು ಕರೆಂಟ್ ಹೋದಾಗಲೇ.

ಸೇವ್ ತಡ ಆಗಲು ಆಂಟಿವೈರಸ್ ಕೂಡ ಕಾರಣ ಇರಬಹುದು. ಸರ್ವರಿನಲ್ಲಿ ಒಂದು, ಆಪರೇಟರ್ ಕಂಪ್ಯೂಟರಿನಲ್ಲಿ ಒಂದು, ಎರಡೂ ಅದೇ ಫೈಲನ್ನು ಜಾಲಾಡುತ್ತವೆ. ಐದು ನಿಮಿಷ ಆಪರೇಟರ್ ಬದಿಯದನ್ನು ನಿಲ್ಲಿಸಿ ಸೇವ್ ಮಾಡಿ ನೋಡಿ, ಮತ್ತೆ ಆನ್ ಮಾಡಿ. ವ್ಯತ್ಯಾಸ ಕಂಡರೆ ಆ ಬದಿಯಲ್ಲಿ ನೆಟ್‌ವರ್ಕ್ ಡ್ರೈವನ್ನು ಮಾತ್ರ ಬಿಟ್ಟುಬಿಡುವ ಸೆಟ್ಟಿಂಗ್ ಹಾಕಿಸಿ, ಸರ್ವರಿನದು ಹಾಗೇ ಇರಲಿ. ಪೂರ್ತಿ ತೆಗೆಯಬೇಡಿ. ಪ್ರೆಸ್ಸಿಗೆ ದಿನಾ ಯಾರ ಯಾರದೋ ಪೆನ್ ಡ್ರೈವ್ ಬರುತ್ತದೆ. ಇದೇ ಕಾರಣಕ್ಕೆ ‘ಎಸ್‌ಎಂಬಿ 1 ಆನ್ ಮಾಡಿ’ ಅನ್ನುವ ಸಲಹೆಯನ್ನೂ ಕೇಳಬೇಡಿ; ಅದು ವಿಂಡೋಸಿನಲ್ಲಿ ಫೈಲ್ ಶೇರ್ ಮಾಡುವ ಹಳೇ ಪದ್ಧತಿ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಹರಡಿದ್ದು ಆ ಹಳೇ ಬಾಗಿಲಿನಿಂದಲೇ.

ಫೋಟೋಶಾಪ್ ಬಗ್ಗೆ ಒಂದು ಮಾತು. ಫೈಲನ್ನು ಸರ್ವರಿನಿಂದ ನೇರ ತೆರೆದು ಕೆಲಸ ಮಾಡುವುದನ್ನು ಅಡೋಬಿಯವರೇ ಬೇಡ ಅನ್ನುತ್ತಾರೆ. ತಮ್ಮ ಡಿಸ್ಕಿಗೆ ಕಾಪಿ ಮಾಡಿಕೊಂಡು, ಮುಗಿದ ಮೇಲೆ ವಾಪಸ್ ಇಡುವುದು ಸರಿಯಾದ ಪದ್ಧತಿ. ಲಗ್ನದ ಸೀಸನ್ನಿನಲ್ಲಿ ಒಂದೇ ಫೈಲಿನ ಎರಡು ಪ್ರತಿ ಆಗಿ ತಪ್ಪು ತಾರೀಖಿನ ಪತ್ರಿಕೆ ಪ್ಲೇಟಿಗೆ ಹೋಗುವ ಅಪಾಯ ಇದರಲ್ಲಿ ಇದೆ. ಹಾಗಾಗಿ ಯಾರ ಹತ್ತಿರ ಯಾವ ಫೈಲ್ ಇದೆ ಅಂತ ಗೋಡೆಯ ಬೋರ್ಡಿನ ಮೇಲೆ ಬರೆಯುವ ರೂಢಿ ಮಾಡಿ. ಕೋರೆಲ್ ಫೈಲುಗಳ ಫೋಲ್ಡರಿನಲ್ಲಿ ಸಾವಿರಗಟ್ಟಲೆ ಫೈಲ್ ಒಂದೇ ಕಡೆ ಇದ್ದರೆ ವರ್ಷ, ತಿಂಗಳು ಅಂತ ಒಡೆಯಿರಿ. ಫೋಲ್ಡರಿನ ಪ್ರಾಪರ್ಟೀಸಿನಲ್ಲಿ ‘ಪಿಕ್ಚರ್ಸ್’ ಅಂತ ಇದ್ದರೆ ‘ಜನರಲ್ ಐಟಮ್ಸ್’ ಮಾಡಿ. ಇಲ್ಲದಿದ್ದರೆ ತೆರೆದಾಗಲೆಲ್ಲ ಪುಟ್ಟ ಚಿತ್ರ ತೋರಿಸಲು ಒಂದೊಂದು ಫೈಲನ್ನೂ ಸರ್ವರಿನಿಂದ ಎಳೆಯುತ್ತದೆ.

ಈ ಭಾನುವಾರ ಪ್ರೆಸ್ ರಜೆ ಇದ್ದಾಗ ಮೊದಲು ಕ್ಯಾಬಿನ್ನಿನ ಸ್ವಿಚ್ ಕೆಲಸ ಒಂದೇ ಮಾಡಿ. ಬೇರೆ ಯಾವುದನ್ನೂ ಅವತ್ತು ಮುಟ್ಟಬೇಡಿ, ಯಾವುದರಿಂದ ಏನು ಆಯಿತು ಅಂತ ತಿಳಿಯಬೇಕಲ್ಲ. ಅದೇ ಕ್ಯಾಲೆಂಡರಿನ ಫೈಲುಗಳನ್ನು ಗಡಿಯಾರ ನೋಡುತ್ತ ಕಾಪಿ ಮಾಡಿ. ಇಪ್ಪತ್ತರಿಂದ ಮೂವತ್ತು ಸೆಕೆಂಡ್ ಬಂದರೆ ಸೋಮವಾರ ಬೆಳಿಗ್ಗೆ ಹಳೇ ಕಂಪ್ಯೂಟರ್ ಆನ್ ಮಾಡುವ ಪರೀಕ್ಷೆಗೆ ಹೋಗಿ. ಸೇವ್ ಮಾಡುವ ತೊಂದರೆ ಆಮೇಲೂ ಉಳಿದರೆ, ರಿಸೋರ್ಸ್ ಮಾನಿಟರಿನಲ್ಲಿ ಕಂಡ ಮಿಲಿಸೆಕೆಂಡ್ ಅಂಕಿ ಮತ್ತು ರೇಡ್ ಕಾರ್ಡಿನ ಹೆಸರು ಎರಡನ್ನೂ ನನಗೆ ಬರೆದು ಕಳಿಸಿ. ಎಸ್‌ಎಸ್‌ಡಿ ಬೇಕಾ ಬೇಡವಾ ಅಂತ ಆಗ ನೋಡಿ ಹೇಳುತ್ತೇನೆ.